ಇಲಿ ಬ್ಯಾಡ, ರಾಕ್ಷಸ ಬ್ಯಾಡ

(ದೀಪಾವಳಿ ಹತ್ತಿರ ಬಂದಿದೆ. ನಾಶಿಕದ ಬಳಿ ಓಝರ್‌ನಲ್ಲಿ ಒಂದು ಧಾರವಾಡದ ಕಡೆಯ ಮನೆ. ಮಿಗ್ ವಿಮಾನಗಳಿಗೆಂದು 1964ರಲ್ಲಿ ಶುರುವಾದ ಅಲ್ಲಿನ ಎಚ್‌ಎಎಲ್ ಕಾರ್ಖಾನೆಯಲ್ಲಿ ವಿಮಾನಕ್ಕೆ ಬಣ್ಣ ಹೊಡೆದು ನಿವೃತ್ತರಾದ ಮಾವ. ಛತ್ರಪತಿ ಸಂಭಾಜಿನಗರದ ವಾಳೂಜ್‌ನಲ್ಲಿ ನೌಕರಿಗಿರುವ ಸೋದರಳಿಯ ಜನಶತಾಬ್ದಿ ಇಳಿದು ಬಂದವನು ಕೈಕಾಲು ತೊಳೆಯದೆ ಫೋನ್ ತೆರೆದಿದ್ದಾನೆ. ಅತ್ತೆ ಚಕ್ಕಲಿ ಒತ್ತುತ್ತಿದ್ದಾರೆ.)

ಅಳಿಯ: ಮಾವಾ, ನನಗೊಂದು ಸೈನ್ಯ ಆರಿಸಿ ಕೊಡ್ರಿ.

ಮಾವ: ನೌಕರಿ ಬಿಟ್ಟ್ಯೇನೋ?

ಅಳಿಯ: ಆಟದ ಸೈನ್ಯರೀ. ವಾರ್‌ಹ್ಯಾಮರ್, ಏಜ್ ಆಫ್ ಸಿಗ್ಮಾರ್ ಅಂತ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ದವ್ರು ಮಾಡ್ತಾರ. ಸಣ್ಣ ಸಣ್ಣ ಗೊಂಬಿ ಮೇಜಿನ ಮ್ಯಾಲೆ ನಿಲ್ಲಿಸಿ, ಟೇಪ್ ಹಿಡಿದು ಇಂಚಿನ ಲೆಕ್ಕದಾಗ ಸರಸೋದು, ದಾಳ ಹಾಕಿ ಹೊಡದಾಡೋದು. ಇಲ್ಲೇ ನಾಶಿಕದ ಗಂಗಾಪುರ ರೋಡಿನ ನನ್ನ ಗೆಳೆಯ ಹುಚ್ಚು ಹಿಡಿಸ್ಯಾನ.

ಅತ್ತೆ: ಹೆಣ್ಣು ಆರಿಸೋ ಅಂದ್ರ ಫೋನ್ ಎತ್ತೂದಿಲ್ಲ. ಸೈನ್ಯ ಆರಿಸ್ಲಿಕ್ಕೆ ರೈಲು ಹತ್ತಿ ಬಂದಾನ!

ಮಾವ: ಯಾವುದು ಭಾಳ ಗೆಲ್ತದೋ ಅದನ್ನ ತಗೋ. ಇದರಾಗ ಕೇಳೂದೇನದ?

ಅಳಿಯ: ಅದನ್ನ ನಂಬಿ ಕೊಂಡವ್ರು ಕೆಟ್ಟಾರ್ರಿ. 2015ರಾಗ ಆಟ ಬಂತು. ಆಮ್ಯಾಲೆ 2018, 2021, 2024. ಮೂರು ವರ್ಷಕ್ಕೊಮ್ಮೆ ನಿಯಮದ ಪುಸ್ತಕ ಹೊಸದು. ನಡುವ ನಡುವ ಒಂದೊಂದು ಗೊಂಬಿಗೆ ಇಟ್ಟ ಅಂಕಾನೂ ತಿದ್ದತಾರ. ಇವತ್ತಿನ ಪೈಲ್ವಾನ ನಾಳೆ ನೆಲಾ ಕಚ್ಚತಾನ.

ಮಾವ: ಹಂಗಾದ್ರ ನಾವು ಬಣ್ಣ ಹಚ್ಚಿ ಮುಗಸೂದ್ರಾಗ ಸೈನ್ಯ ರಿಟೈರ್ ಆಗಿರ್ತದ.

ಅತ್ತೆ: ‘ನಾವು’ ಅಂದ್ರ ಯಾರ್ಯಾರು?

ಮಾವ: (ಕೇಳಿಸದವರಂತೆ) ನಿನ್ನ ಗೆಳೆಯಂದು ಯಾವ ಸೈನ್ಯ?

ಅಳಿಯ: ಇಲೀದು. ಸ್ಕೇವನ್ ಅಂತಾರ. ಒಂದು ಹೊಡ್ತಕ್ಕ ಒಂದು ಇಲಿ ಸಾಯ್ತದ. ಅದಕ್ಕ ಹಿಂಡು ಹಿಂಡು ಬೇಕು. ಅವುಗಳ ಆಯುಧ ಒಮ್ಮೊಮ್ಮೆ ಅವುಗಳ ಮ್ಯಾಲೇ ಸಿಡೀತಾವ. ನೋಡ್ಲಿಕ್ಕೆ ಭಾಳ ಮಜಾರಿ.

ಅತ್ತೆ: ಮನ್ಯಾಗಿನ ಇಲಿ ಓಡಸ್ಲಿಕ್ಕೆ ನಾವು ರೊಕ್ಕ ಕೊಡ್ತೀವಿ. ತರ್ಸ್ಲಿಕ್ಕೂ ಕೊಡ್ತಾರಾ?

ಮಾವ: ಅಷ್ಟು ಇಲಿಗೆ ಅಷ್ಟೂ ಬಾಲ, ಅಷ್ಟೂ ಮೂತಿ. ಹೊಸಬನಿಗೆ ಬ್ಯಾಡ. ಅರ್ಧ ಬಣ್ಣ ಹಚ್ಚಿ ಅಟ್ಟಕ್ಕ ಎಸೀತಿ. ತಲಿ ಕಡಿಮಿ ಇರೂದು ತೋರಿಸು.

ಅಳಿಯ: ಸನ್ಸ್ ಆಫ್ ಬೆಹೆಮತ್. ಮೂರ್ನಾಕು ರಾಕ್ಷಸರು ನಿಂತ್ರ ಪೂರಾ ಸೈನ್ಯ.

ಮಾವ: ಇದೇ ಚಲೋ ಅದಲ್ಲೋ!

ಅಳಿಯ: ಒಬ್ಬ ಬಿದ್ರ ಕಾಲು ಭಾಗ ಸೈನ್ಯ ಹೋತಲ್ಲರಿ. ತಪ್ಪು ಮಾಡಿ ಕಲೀಲಿಕ್ಕೆ ಜಾಗಾನ ಇಲ್ಲ. ಇವ್ರು ನೋಡ್ರಿ, ಓಗರ್ ಮಂದಿ. ಇವ್ರಿಗೆ ಯುದ್ಧದಾಗೂ ಊಟದ್ದೇ ಚಿಂತಿ.

ಅತ್ತೆ: ಬ್ಯಾಡ. ಮನ್ಯಾಗ ಒಬ್ರದಾರ.

ಮಾವ: (ಚಕ್ಕಲಿ ಕೆಳಗಿಟ್ಟು, ಫೋನ್ ಕಸಿದುಕೊಂಡು) ಇದೇನೋ ಇದು? ವಿಮಾನ!

ಅಳಿಯ: ಖರಾಡ್ರನ್ ಓವರ್‌ಲಾರ್ಡ್ಸ್. ಗಿಡ್ಡ ಗಡ್ಡದವ್ರು, ಹಾರೋ ಹಡಗಿನ್ಯಾಗ ಕೂತು ಮ್ಯಾಲಿಂದ ಗುಂಡು ಹಾರಸ್ತಾರ. ಆದ್ರ ಹೊಸಬರಿಗೆ ಕಷ್ಟ. ಯಾರನ್ನ ಯಾವ ಹಡಗಿನ್ಯಾಗ ಕೂಡಿಸ್ಬೇಕು, ಎಲ್ಲೆ ಇಳಿಸ್ಬೇಕು, ವೈರಿಯಿಂದ ಎಷ್ಟು ದೂರ ನಿಲ್ಲಬೇಕು, ಎಲ್ಲಾ ಲೆಕ್ಕ. ಕೈಗೆ ಸಿಕ್ಕ್ರ ಸತ್ತ್ರು.

ಮಾವ: (ಫೋನ್ ಬಿಡದೆ) ರಿವೆಟ್ ಎಷ್ಟು ಚಂದ ಕೂಡಿಸ್ಯಾರ ನೋಡು.

ಅತ್ತೆ: ಅವನಿಗೆ ಆರಿಸ್ರಿ, ನಿಮಗಲ್ಲ.

ಅಳಿಯ: ನನಗ ಇವ್ರು ಅನಸ್ತದ. ಸ್ಟಾರ್ಮ್‌ಕಾಸ್ಟ್ ಎಟರ್ನಲ್ಸ್. ಬಂಗಾರದ ಕವಚ. ದಾಳದಾಗ ಮೂರು ಇಲ್ಲಾ ಅದಕ್ಕಿಂತ ಮ್ಯಾಲೆ ಬಿದ್ರ ಸಾಧಾರಣ ಹೊಡ್ತ ತಾಗೂದಿಲ್ಲ. ತಾಗಿದ್ರೂ ಒಂದೇಟಿಗೆ ಸಾಯೂದಿಲ್ಲ. ಸ್ಪಿಯರ್‌ಹೆಡ್ ಅಂತ ಸಣ್ಣ ಆಟದ ಡಬ್ಬಿ ಸಿಗ್ತದ. ಹತ್ತು-ಹನ್ನೆರಡು ಗೊಂಬಿ, ನಾಕು ಸುತ್ತು, ತಾಸಿನ್ಯಾಗ ಮುಗೀತದ. ಎರಡು ಸಾವಿರ ಅಂಕದ ದೊಡ್ಡ ಸೈನ್ಯ ಈಗ್ಲೇ ಕೊಂಡು ಸಾಲದಾಗ ಬೀಳೂದು ಬ್ಯಾಡ.

ಮಾವ: ಬುದ್ಧಿ ಬಂದದ. ಆದ್ರ ನಿಮ್ಮೂರ ಬಾಜೂಕೇ ದೌಲತಾಬಾದ್ ಕ್ವಾಟಿ ಅದ. 1296ರಾಗ ಅಲ್ಲಾವುದ್ದೀನ್ ಖಿಲ್ಜಿ ಮುತ್ತಿಗಿ ಹಾಕಿದಾಗ, ಅಲ್ಲಿ ಆಳ್ತಿದ್ದ ಯಾದವರ ಮಂದಿ ಕಾಳು ಅಂತ ಒಳಗ ಒಯ್ದ ಚೀಲ ಬಿಚ್ಚಿದ್ರ ಉಪ್ಪಿತ್ತು ಅಂತ ಕತಿ. ನಿನ್ನ ಡಬ್ಬ್ಯಾಗ ಏನದ?

ಅಳಿಯ: ಗೊಂಬಿ ಜೋಡಿಸಿರೂದಿಲ್ಲರಿ. ಪ್ಲಾಸ್ಟಿಕ್ ಚೌಕಟ್ಟಿನ್ಯಾಗ ಕೈ ಬ್ಯಾರೆ, ಕಾಲು ಬ್ಯಾರೆ, ತಲಿ ಬ್ಯಾರೆ. ಕತ್ತರಿಸಿ, ಉಜ್ಜಿ, ಅಂಟಿಸ್ಬೇಕು. ಅಂಟು, ಬಣ್ಣ ನಾವೇ ತರ್ಬೇಕು.

ಅತ್ತೆ: ಉಪ್ಪೇ! ಅದಕ್ಕಿಂತ ಇಲ್ಲೆ ಪೇಟ್ಯಾಗ ದೀಪಾವಳಿ ಕಿಲ್ಲಾಕ್ಕ ಮಣ್ಣಿನ ಮಾವಳೆ ಸಿಪಾಯಿಗಳನ್ನ ಇಟ್ಟಾರ. ಕೈಕಾಲು ಕೂಡಿಸಿ, ಬಣ್ಣ ಹಚ್ಚಿ, ಶಿವಾಜಿ ಮಹಾರಾಜರ ಸಮೇತ. ನಮ್ಮ ಬೆಳಗಾವ್ಯಾಗೂ ಹುಡುಗರು ಅಂಗಳದಾಗ ಮಣ್ಣಿನ ಕಿಲ್ಲಾ ಕಟ್ಟಿ, ಸಾಸಿವಿ ಚೆಲ್ಲಿ ಹುಲ್ಲು ಬೆಳಸ್ತಿದ್ರು. ಹೊಸಬನಿಗೆ ಅದೇ ಸೈನ್ಯ.

ಅಳಿಯ: ಅತ್ತಿ, ಮಾವಳೆಗೆ ನಿಯಮದ ಪುಸ್ತಕ ಇಲ್ಲಲ್ಲ.

ಅತ್ತೆ: ಇಲ್ಲಂದ್ರ ಮೂರು ವರ್ಷಕ್ಕೊಮ್ಮೆ ಬದಲಾಗೂದೂ ಇಲ್ಲ.

(ಅಳಿಯನ ಬಳಿ ಉತ್ತರವಿಲ್ಲ. ಮಾವ ಚಕ್ಕಲಿ ಮುರಿಯುತ್ತಾರೆ.)

ಅಳಿಯ: ಕಿಲ್ಲಾ ಮಾತ್ರ ಬೇಕ್ರಿ ಅತ್ತಿ. ಆಟಕ್ಕ ಗೋಡಿ, ಗುಡ್ಡ ಬೇಕಾಗ್ತಾವ. ನೀವು ಕಟ್ಟಿ ಕೊಟ್ರ...

ಅತ್ತೆ: ಮೊದಲು ಡಬ್ಬಿ ರೇಟ್ ಹೇಳು.

ಅಳಿಯ: (ಸಣ್ಣ ದನಿಯಲ್ಲಿ) ಕಸ್ಟಮ್ಸ್ ದಾಟಿ ಬರೂದ್ರಾಗ... ಐದಂಕಿ.

ಅತ್ತೆ: ಹನ್ನೆರಡು ಗೊಂಬಿಗೆ!

ಮಾವ: ರೇಟ್ ಬಿಡು, ಬಣ್ಣದ ಮಾತು ಕೇಳು. ಮೊದಲು ಸಾಬೂನು ನೀರಾಗ ತೊಳಿ. ಪ್ರೈಮರ್ ಇಲ್ಲದ ಬಣ್ಣ ನಿಲ್ಲೂದಿಲ್ಲ, ವಿಮಾನಕ್ಕೂ ಇಲ್ಲ, ಗೊಂಬಿಗೂ ಇಲ್ಲ. ಮಳಿಗಾಲದ ತೇವದಾಗ ಸ್ಪ್ರೇ ಹೊಡದ್ರ ಮ್ಯಾಲೆ ಬೂದಿ ಕೂತಂಗ ಆಗ್ತದ. ಈಗ ಮಳಿ ಹೋಗ್ಯದ, ಹವಾ ಒಣಾ ಅದ. ಬಂಗಾರ ಬಣ್ಣ ಒಮ್ಮೆ ಸ್ಪ್ರೇ ಹೊಡಿ. ಮ್ಯಾಲೆ ತೆಳ್ಳಗ ಕಂದು ಬಣ್ಣ ಹರಿಸು. ಸಂದಿನ್ಯಾಗ ಇಳದು ನೆರಳು ತಾನೇ ಮೂಡ್ತದ. ಎರಡು ದಿನದಾಗ ನಿನ್ನ ಸೈನ್ಯ ರೆಡಿ.

ಅಳಿಯ: ಅಂದ್ರ ಸ್ಟಾರ್ಮ್‌ಕಾಸ್ಟೇ ಗಟ್ಟಿ?

ಮಾವ: ನಿನಗ ಅದೇ ಗಟ್ಟಿ. ಆದ್ರ ವಾಳೂಜ್‌ನ್ಯಾಗ ನಿನ್ನ ಕೂಡ ಯಾರು ಆಡ್ತಾರ?

ಅಳಿಯ: ಯಾರೂ ಇಲ್ಲ.

ಮಾವ: ಗೆಳೆಯ?

ಅಳಿಯ: ಅವನಿಗೆ ಭಾನುವಾರ ಒಂದೇ ಪುರಸತ್ತು. ಅದೂ ಅವನ ಹೆಂಡ್ತಿ ಬಿಟ್ರ.

ಮಾವ: ನೋಡು, ಎದುರಾಳಿ ಇಲ್ಲದ ಸೈನ್ಯ ತಗೊಂಡು ಏನು ಮಾಡ್ತಿ? ಹೊಸಬನಿಗೆ ಎದುರು ಕೂಡ್ಲಿಕ್ಕೆ ಮನಿ ಮಂದಿನೇ ಬೇಕು. ಆ ಹಾರೋ ಹಡಗಿನ ಡಬ್ಬೀನೂ ಜೋಡಿಗೆ ಹೇಳಿಬಿಡು. ನಿನ್ನ ಸಲುವಾಗಿ ಕಷ್ಟದ ಸೈನ್ಯ ನಾ ಹಿಡಿತೀನಿ.

ಅತ್ತೆ: ಅಂದ್ರ ಎರಡು ಐದಂಕಿ!

ಮಾವ: ಏ, ಫೋನ್ ಮುಚ್ಚೋ. ಮುಚ್ಚೂಕಿಂತ ಮೊದಲು ಆರ್ಡರ್ ಒತ್ತು.