ಮೊರದಗಲ ಕಿವಿಯವನ ಮುಂದೆ

ನಾರ್ವೆಯಲ್ಲಿ ಡಾರ್ಕ್‌ಥ್ರೋನ್ ಅಂತ ಒಂದು ಮೆಟಲ್ ಬ್ಯಾಂಡಿದೆ. 1991ರಲ್ಲಿ ಮೊದಲ ಆಲ್ಬಮ್ ತಂದಾಗ ಅವರದು ಪಳಗಿದ ಕೈಯ ಡೆತ್ ಮೆಟಲ್. ಮರುವರ್ಷವೇ ಆ ನಯವನ್ನೆಲ್ಲ ಒಲೆಗೆ ಹಾಕಿದರು. ತಗಡು ಕೆರೆದಂಥ ಗಿಟಾರು, ಗಂಟಲು ಹರಿಯುವ ಚೀತ್ಕಾರ, ಮುಖಕ್ಕೆ ಹೆಣದ ಬಣ್ಣ. ಬ್ಲ್ಯಾಕ್ ಮೆಟಲ್ ಅಂದರೆ ಇದು ಎಂದರು. ಕೇಳಿದವರು ಬೆಚ್ಚಿಬಿದ್ದರು. ಪಾಪ, ಅವರು ದಾವಣಗೆರೆಯ ಗಣಪತಿ ಮೆರವಣಿಗೆ ಕಂಡವರಲ್ಲ.

ನಮ್ಮ ಶೈಲಿಯೂ ಮೊದಲು ಸೌಮ್ಯವಾಗಿಯೇ ಇತ್ತು. ಭಜನೆ ಹೋಗಿ ಬ್ಯಾಂಡ್ ಸೆಟ್ ಬಂತು, ಬ್ಯಾಂಡ್ ಸೆಟ್ ಹೋಗಿ ಲಾರಿ ತುಂಬ ಡಬ್ಬಿ ಪೇರಿಸಿದ ಡಿಜೆ ಬಂತು. "ಅಣ್ಣಾ, ಹ್ವಾದ ವರ್ಷ ಬೇಸ್ ಕಮ್ಮಿ ಆತು. ಈ ಸಲ ಎದಿಗೇ ಹೊಡೀಬೇಕು ನೋಡ್ರಿ" ಎಂದ, ಚಂದಾ ಪುಸ್ತಕ ಹಿಡಿದು ಬಂದ ಹುಡುಗ. ಎದೆಗೆ ಹೊಡೆಸಿಕೊಳ್ಳಲು ಐನೂರು ಕೊಟ್ಟೆ. ರಸೀದಿ ಹರಿದುಕೊಟ್ಟ.

ಮೆರವಣಿಗೆಯ ಸಂಜೆ ಅಶೋಕ ರಸ್ತೆಯಲ್ಲಿ ದೋಸೆ ತಿನ್ನುತ್ತಿದ್ದೆ. ಲಾರಿ ಇನ್ನೂ ತಿರುವಿನಲ್ಲಿತ್ತು. ಸ್ಟೀಲ್ ಲೋಟದ ನೀರು ಆಗಲೇ ಉಂಗುರ ಬಿಡತೊಡಗಿತು. ಎದುರಿಗೆ ಬಂದಾಗ ಬೆಣ್ಣೆ ಮುದ್ದೆ ತಾನಾಗಿಯೇ ಜಾರಿ ತಟ್ಟೆಯಂಚು ಸೇರಿತು. ಲಾರಿಯ ಮುಂದೆ ವೀರಗಾಸೆಯ ಹಿರಿಯರೊಬ್ಬರು ಹಣೆ ತುಂಬ ವಿಭೂತಿ ಬಳಿದು, ಕತ್ತಿ ಹಿಡಿದು ಒಡಪು ಹೇಳುತ್ತಿದ್ದರು. ಬಾಯಿ ಆಡುತ್ತಿತ್ತು, ಅಷ್ಟೇ. ನಾರ್ವೆಯವರು ಮೊನ್ನೆ ಮೊನ್ನೆ ಕಂಡುಕೊಂಡ ರೌದ್ರವನ್ನು ತಲೆಮಾರುಗಳಿಂದ ಮೈಮೇಲೆ ಹೊತ್ತವರ ದನಿಯನ್ನು ಸಿನಿಮಾ ಹಾಡಿನ ರೀಮಿಕ್ಸ್ ನುಂಗಿ ನೀರು ಕುಡಿದಿತ್ತು.

ಕಾನೂನು ಇಲ್ಲವೆಂದಲ್ಲ. 2000ದ ಶಬ್ದ ಮಾಲಿನ್ಯ ನಿಯಮದ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬಲ್, ರಾತ್ರಿ 45. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಡೆಸಿಬಲ್ ಲೆಕ್ಕದಲ್ಲಿ ಹತ್ತು ಏರಿದರೆ ಸದ್ದಿನ ತೀವ್ರತೆ ಹತ್ತು ಪಟ್ಟು. ಅಂದರೆ 55 ಇರಬೇಕಾದದ್ದು 105 ಮುಟ್ಟಿದರೆ ಒಂದು ಲಕ್ಷ ಪಟ್ಟು! ಇತ್ತ ಹತ್ತಿ ಗಿರಣಿಗಳ ಸೈರನ್ ನಿಂತು, ಅತ್ತ ಹರಿಹರದ ಕಿರ್ಲೋಸ್ಕರ್ ಲೇಥುಗಳು ಮೌನವಾದ ಮೇಲೆ ಅವಳಿ ನಗರದಲ್ಲಿ ಲಕ್ಷ ಪಟ್ಟು ಬೆಳೆದ ಉದ್ಯಮ ಇದೊಂದೇ.

ಹರಿಹರೇಶ್ವರ 13ನೇ ಶತಮಾನದಿಂದ ಒಂದೇ ಮೈಯಲ್ಲಿ ಹರಿ, ಹರ ಇಬ್ಬರನ್ನೂ ತಕರಾರಿಲ್ಲದೆ ಇಟ್ಟುಕೊಂಡಿದ್ದಾನೆ. ಆದರೆ ಎರಡು ಡಿಜೆ ಲಾರಿ ಒಂದೇ ಸರ್ಕಲ್ಲಿನಲ್ಲಿ ಎದುರಾದರೆ, ಯಾರ ಬೇಸ್ ದೊಡ್ಡದೆಂದು ತೀರ್ಮಾನವಾಗುವವರೆಗೆ ಆಂಬುಲೆನ್ಸಿಗೂ ದಾರಿಯಿಲ್ಲ.

ಡಾರ್ಕ್‌ಥ್ರೋನ್‌ನವರೋ, ದಶಕಗಳಿಂದ ವೇದಿಕೆ ಹತ್ತಿಲ್ಲ. ಅವರ ಕರ್ಕಶ ಬೇಕಿದ್ದವರು ದುಡ್ಡು ಕೊಟ್ಟು, ಮನೆಯಲ್ಲಿ ಕೇಳಿಕೊಳ್ಳಬೇಕು. ಅವರ ಡ್ರಮ್ಮರ್ ಫೆನ್ರಿಜ್ ಊರಿನ ಚುನಾವಣೆಗೆ ನಿಂತು, ಬೆಕ್ಕು ಎತ್ತಿಕೊಂಡ ಫೋಟೊ ಹಾಕಿ 'ನನಗೆ ವೋಟು ಹಾಕಬೇಡಿ' ಎಂದನಂತೆ. ಜನ ಮಾತು ಕೇಳದೆ ಗೆಲ್ಲಿಸಿದರು. ನಮ್ಮ ಸರ್ಕಲ್ಲಿನ ಫ್ಲೆಕ್ಸುಗಳಲ್ಲಿ ಕೈಮುಗಿದು ನಿಂತವರು ಕಲಿಯಬೇಕಾದ ಕ್ರೌರ್ಯ ಇದು.

ಇಷ್ಟಕ್ಕೂ, ಇದೆಲ್ಲ ಯಾರ ಪ್ರೀತ್ಯರ್ಥ? ದೇವರಲ್ಲೇ ಮೊರದಗಲ ಕಿವಿ ಇರುವವನನ್ನು ಹುಡುಕಿ, ಅವನ ಬೆನ್ನಿಗೇ ಡಬ್ಬಿ ಕಟ್ಟಿದ್ದೇವೆ. ಅವನು ಅಷ್ಟು ಬೇಗ ನೀರಿಗಿಳಿಯುವುದು ಸುಮ್ಮನೆ ಅಲ್ಲ.