ಬಾಗಿಲು ತಡೆಯುವ ಉಂಡೆಗಳು

ತೊಳೆದ ಹಾಲಿನ ಕವರುಗಳನ್ನು ಅಡುಗೆಮನೆಯ ಟೈಲ್ಸಿಗೆ ಅಂಟಿಸಿ ಒಣಗಿಸುವುದು ನಮ್ಮ ಮನೆಯ ಪದ್ಧತಿ. ಒಣಗಿದವು ಲೆಕ್ಕವಾಗಿ ರದ್ದಿಯವನಿಗೆ ಹೋಗುತ್ತವೆ. ಆ ದುಡ್ಡಿನಲ್ಲಿ ನನಗೆ ಪಾಲಿಲ್ಲ.

ಮೊನ್ನೆ ಡಿಕಾಕ್ಷನ್ ಇಳಿಯಲೆಂದು ಕಾಯುತ್ತ ನಿಂತವನು ಒಂದು ಕವರಿನಿಂದ ಬೆರಳಗಲದ ಪಟ್ಟಿ ಕತ್ತರಿಸಿ, ಎರಡೂ ತುದಿ ಹಿಡಿದು ಮೆಲ್ಲಗೆ ಎಳೆದೆ. ಮೊದಲು ಬಿಗಿಹಿಡಿಯಿತು. ಆಮೇಲೆ ನಡುವೆ ಒಂದೆಡೆ ಸೊಂಟ ಸಣ್ಣಗಾಯಿತು. ಇನ್ನೂ ಎಳೆದರೆ ಆ ಸಣ್ಣ ಸೊಂಟವೇ ಎರಡೂ ಕಡೆಗೆ ಹಬ್ಬುತ್ತ ಹೋಯಿತು. ನನ್ನ ಸೊಂಟದ ಇತಿಹಾಸ ಇದಕ್ಕೆ ತೀರ ಉಲ್ಟಾ.

ಹಾಲಿನ ಕವರು ಪಾಲಿಥೀನಿನದು; ಪಾಲಿಥೀನಿನ ಅಣು ಎಂದರೆ ಇಂಗಾಲದ ಉದ್ದನೆಯ ಸರಪಣಿ. 1957ರಲ್ಲಿ ಬ್ರಿಸ್ಟಲ್‌ನ ವಿಜ್ಞಾನಿ ಆಂಡ್ರ್ಯೂ ಕೆಲ್ಲರ್ ಅದರ ಹರಳುಗಳನ್ನು ಪರೀಕ್ಷಿಸಿದರು. ಹಾಳೆಯಂಥ ಹರಳು, ದಪ್ಪ ಸುಮಾರು 10 ನ್ಯಾನೋಮೀಟರ್. ಸರಪಣಿಯೋ ಅದರ ಎಷ್ಟೋ ಪಟ್ಟು ಉದ್ದ, ಆದರೂ ಹಾಳೆಗೆ ಅಡ್ಡಲಾಗಿ ನಿಂತಿದೆ! ಒಂಬತ್ತು ಗಜದ ಸೀರೆ ಬೀರುವಿನ ಗೇಣುದ್ದದ ಖಾನೆಯಲ್ಲಿ ಕೂತಿದೆಯೆಂದರೆ ಮಡಿಸಿಯೇ ಇಟ್ಟಿರಬೇಕು. ಕೆಲ್ಲರ್ ತರ್ಕವೂ ಅದೇ. ನಾನು ಎಳೆದಾಗ ಆ ಪದರಗಳು ಜಾರಿ, ಚೂರಾಗಿ, ಮಡಿಕೆ ಬಿಚ್ಚಿಕೊಂಡು ಸರಪಣಿಗಳು ಎಳೆದ ದಿಕ್ಕಿಗೇ ಸಾಲುಗಟ್ಟಿದ್ದವು.

ಇಂಥ ಮಡಿಕೆ ನಮ್ಮ ಮೈಯೊಳಗೂ ಉಂಟು. ಸ್ನಾಯುವಿನಲ್ಲಿ ಸ್ಪ್ರಿಂಗಿನಂತಿರುವ ಟೈಟಿನ್ ಎಂಬ ದೈತ್ಯ ಪ್ರೋಟೀನಿನ ತುಂಬ, ಮಣಿಸರದ ಹಾಗೆ, ಮಡಚಿದ ಪುಟ್ಟ ಉಂಡೆಗಳು. 1997ರಲ್ಲಿ ಮ್ಯೂನಿಕ್‌ನ ಮಥಿಯಾಸ್ ರೀಫ್, ಹರ್ಮನ್ ಗೌಬ್ ಮತ್ತು ಸಂಗಡಿಗರು ಇದರ ಒಂದೇ ಒಂದು ಅಣುವನ್ನು ಸೂಜಿಮೊನೆಗೆ ಅಂಟಿಸಿಕೊಂಡು ಜಗ್ಗಿದರು. ಜಗ್ಗಿದ ಬಲದ ಗ್ರಾಫಿನಲ್ಲಿ ಗರಗಸದ ಹಲ್ಲು ಮೂಡಿತು. ಮದುವೆಯಲ್ಲಿ ಬಾಗಿಲು ತಡೆಯುವ ನಾದಿನಿಯರಂತೆ ಒಂದೊಂದು ಉಂಡೆಯೂ ತಡೆದು, ಸತಾಯಿಸಿ, ಸಲ್ಲಬೇಕಾದ್ದು ಸಂದ ಮೇಲೆ ಒಮ್ಮೆಲೇ ದಾರಿ ಬಿಡುತ್ತದೆ. ಸಲ್ಲಬೇಕಾದ್ದು 150ರಿಂದ 300 ಪಿಕೋನ್ಯೂಟನ್. ಒಂದು ಪಿಕೋನ್ಯೂಟನ್ ಎಂದರೆ ನ್ಯೂಟನ್ನಿನ ಲಕ್ಷ ಕೋಟಿಯಲ್ಲಿ ಒಂದು ಪಾಲು. ಅಷ್ಟಾದರೆ ಸರ 25 ನ್ಯಾನೋಮೀಟರಿಗೂ ತುಸು ಹೆಚ್ಚೇ ಉದ್ದವಾಗುತ್ತದೆ. ಮುಂದೆ ಇನ್ನೊಂದು ಬಾಗಿಲು, ಇನ್ನೊಬ್ಬ ನಾದಿನಿ. ಅವಸರ ಮಾಡಿದರೆ ದಕ್ಷಿಣೆಯೂ ಏರುತ್ತದೆ: ಬೇಗ ಎಳೆದಷ್ಟೂ ಹೆಚ್ಚು ಬಲ ಬೇಕು.

ನನಗೆ ಹಿಡಿಸಿದ್ದು ಆಮೇಲಿನ ಸಂಗತಿ. ಹಿಡಿತ ಸಡಿಲಿಸಿದರೆ ಆ ಉಂಡೆಗಳು ಒಂದೆರಡು ಸೆಕೆಂಡಿನಲ್ಲಿ ತಾವಾಗಿಯೇ ಮತ್ತೆ ಮಡಚಿಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಬಟ್ಟೆ ಮಡಿಸುವ ಸರದಿ ನನ್ನದಾದ್ದರಿಂದ ಈ ವಿದ್ಯೆಯ ಬೆಲೆ ನನಗೆ ಗೊತ್ತು.

ಹಾಲಿನ ಕವರಿಗೆ ಆ ವಿದ್ಯೆ ಬಾರದು. ಕೈಬಿಟ್ಟರೂ ಪಟ್ಟಿ ಉದ್ದಕ್ಕೇ ಜೋತಾಡುತ್ತಿತ್ತು.

"ರೀ, ಈ ಕವರನ್ನ ಇಲಿ ಕಚ್ಚಿದೆಯೇನ್ರಿ?" ಎಂದಳು ಹೆಂಡತಿ.

"ಇರಬಹುದು" ಎಂದು ಪಟ್ಟಿಯನ್ನು ಜೇಬಿಗೆ ಇಳಿಸಿದೆ.