ಹೆರಿಗೆ ಕ್ಲಾಸಿನ ನಿಜವಾದ ವಿದ್ಯಾರ್ಥಿ

ಕ್ಯಾಲಿಫೋರ್ನಿಯಾದ ಸನಿವೇಲ್, ಫ್ರೀಮಾಂಟ್, ಕೂಪರ್ಟಿನೋ ಕಡೆಯ ಕನ್ನಡದ ಮನೆಗಳಲ್ಲಿ ಚೊಚ್ಚಲ ಬಸುರಿಗೆ ಏಳು ತಿಂಗಳಾಯಿತೆಂದರೆ ಎರಡು ಕಾರ್ಯಕ್ರಮಗಳಿಗೆ ದಿನ ಗೊತ್ತಾಗಬೇಕು. ಒಂದು ಸೀಮಂತ, ಇನ್ನೊಂದು ಆಸ್ಪತ್ರೆಯ ಹೆರಿಗೆ ಕ್ಲಾಸು. ಎರಡೂ ವಾರಾಂತ್ಯದಲ್ಲೇ ಆಗಬೇಕು. ಒಂದಕ್ಕೆ ಪುರೋಹಿತರ ಪುರಸೊತ್ತು, ಇನ್ನೊಂದಕ್ಕೆ ಖಾಲಿ ಸೀಟು ಸಿಗಬೇಕು. ಸೀಮಂತಕ್ಕೆ ಊರಿನಲ್ಲಿ ಯಾರದೂ ತಕರಾರಿಲ್ಲ. ಕ್ಲಾಸಿನ ಸುದ್ದಿ ಹಾಸನವನ್ನೋ ಶಿವಮೊಗ್ಗವನ್ನೋ ಮುಟ್ಟಿದಾಗ ಮಾತ್ರ ಫೋನಿನ ಆ ಕಡೆಯಿಂದ, "ಹೆರೋದಕ್ಕೂ ಕ್ಲಾಸೇನೇ? ನಮ್ಮಜ್ಜಿ ಹತ್ತು ಹೆತ್ತಳು, ಯಾವ ಕ್ಲಾಸಿಗೆ ಹೋಗಿದ್ದಳು?" ಎಂಬ ಪ್ರಶ್ನೆ ತಪ್ಪದೆ ಬರುತ್ತದೆ. ಬಲವಾದ ಪ್ರಶ್ನೆಯೇ. ಆದರೆ ಅಜ್ಜಿ ಹೋಗಿದ್ದಳು ಎಂಬುದೇ ಇದಕ್ಕೆ ಉತ್ತರ. ಅಕ್ಕನ ಹೆರಿಗೆಗೆ ಬಿಸಿನೀರು ಹೊತ್ತು, ಅತ್ತಿಗೆಯ ಬಾಣಂತನಕ್ಕೆ ಮೆಣಸು ಕುಟ್ಟಿ, ಚಿಕ್ಕಮ್ಮನ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆದು, ತನ್ನ ಸರದಿ ಬರುವಷ್ಟರಲ್ಲಿ ಆಕೆಯ ಪಾಠವೆಲ್ಲ ಮುಗಿದಿತ್ತು. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಪಾವಗಡದ ಸೂಲಗಿತ್ತಿ ನರಸಮ್ಮನವರೂ ಈ ವಿದ್ಯೆ ಕಲಿತದ್ದು ತಮ್ಮ ಅಜ್ಜಿಯಿಂದ. ಈ ಶಾಲೆಯಲ್ಲಿ ಗಂಡಸರಿಗೆ ಮಾತ್ರ ಪ್ರವೇಶವಿರಲಿಲ್ಲ. ಒಳಗಿನಿಂದ ಅಳು ಕೇಳಿದೊಡನೆ ಜಾತಕಕ್ಕೆಂದು ಗಡಿಯಾರ ನೋಡುವುದಷ್ಟೇ ಅವರಿಗೆ ವಹಿಸಿದ ಕೆಲಸ. ಅದೂ ಚೊಚ್ಚಲಾದರೆ ಹುಡುಗಿ ತವರಿನಲ್ಲಿ, ಗಡಿಯಾರ ಮಾವನ ಕೈಯಲ್ಲಿ. ಅಳಿಯನ ಪಾಲಿಗೆ ಒಂದು ಟೆಲಿಗ್ರಾಂ. ಹೀಗೆ ತಲೆತಲಾಂತರದಿಂದ ಓದದೇ ಉಳಿದ ಈ ಗಿರಾಕಿಗಾಗಿಯೇ ಹೆರಿಗೆ ಕ್ಲಾಸು ಇರುವುದು ಎಂಬುದು ನನ್ನ ವಾದ. ಹೆರುವವಳು ಜೊತೆಗೆ ಬಂದಿರುತ್ತಾಳೆ, ಅಷ್ಟೆ.

ಅಮೆರಿಕದ ಚರಿತ್ರೆಯೂ ಈ ವಾದದ ಪರವಾಗಿಯೇ ಇದೆ. ಫ್ರಾನ್ಸಿನ ವೈದ್ಯ ಫರ್ನಾಂಡ್ ಲಮಾಜ್ 1951ರಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಗಿ, ರಷ್ಯದ ವಿಜ್ಞಾನಿ ಪಾವ್ಲೋವನ ಸಿದ್ಧಾಂತದ ಮೇಲೆ ಕಟ್ಟಿದ ಉಸಿರಾಟದ ತರಬೇತಿಯನ್ನು ಕಂಡು ಬಂದರು. ಶೀತಲ ಸಮರದ ನಡುವೆಯೇ ಈ ರಷ್ಯನ್ ಉಸಿರು ಪ್ಯಾರಿಸ್ಸಿನ ಮೂಲಕ ಅಮೆರಿಕಕ್ಕೆ ನುಸುಳಿತು; 1960ರಲ್ಲಿ ಅಲ್ಲಿ ಅದಕ್ಕೊಂದು ಸಂಘವೂ ಹುಟ್ಟಿತು. ಆಗಿನ್ನೂ ಹೆಚ್ಚಿನ ಆಸ್ಪತ್ರೆಗಳು ಗಂಡನನ್ನು ಹೆರಿಗೆ ಕೋಣೆಯ ಹೊರಗೆ, ಸಿಗರೇಟಿನ ಸಂಗಡ ಕೂರಿಸುತ್ತಿದ್ದವು. ನಮ್ಮ ಜಗಲಿಗೂ ಅವರ ವೇಟಿಂಗ್ ರೂಮಿಗೂ ಇದ್ದ ವ್ಯತ್ಯಾಸ ಎಲೆಯಡಿಕೆಯದು ಮಾತ್ರ. 1965ರಲ್ಲಿ ರಾಬರ್ಟ್ ಬ್ರಾಡ್ಲಿ ಎಂಬ ಡಾಕ್ಟರು ಗಂಡನೇ ಹೆರಿಗೆಯ ಕೋಚ್ ಆಗಬೇಕೆಂದು ಪುಸ್ತಕವನ್ನೇ ಬರೆದರು. ಕೋಚ್ ಎನಿಸಿಕೊಂಡವನು ಆಟವಾಡಬೇಕಿಲ್ಲ, ಗೆದ್ದರೆ ಫೋಟೋದಲ್ಲಿ ಇರುತ್ತಾನೆ. ಗಂಡಸರು ಒಪ್ಪಿದ್ದರಲ್ಲಿ ಆಶ್ಚರ್ಯವಿಲ್ಲ.

ಈ ಕ್ಲಾಸುಗಳಿಂದ ಹೆರಿಗೆ ಸುಲಭವಾಗುತ್ತದೆ ಎನ್ನಲು ಪುರಾವೆಯೆಲ್ಲಿ ಎಂದು ಸಿಲಿಕಾನ್ ಕಣಿವೆಯವರು ಕೇಳಿಯೇ ಕೇಳುತ್ತಾರೆ. ದತ್ತಾಂಶವಿಲ್ಲದೆ ದೋಸೆಯನ್ನೂ ಮಗುಚದ ಜನ. ಪುರಾವೆ ತೆಳುವಾಗಿಯೇ ಇದೆ. ವೈದ್ಯಕೀಯ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2007ರ ವಿಮರ್ಶೆ ಒಂಬತ್ತು ಅಧ್ಯಯನಗಳನ್ನು ಜಾಲಾಡಿ, ಇಂಥ ಶಿಕ್ಷಣದ ಪರಿಣಾಮ ಬಹುಮಟ್ಟಿಗೆ ಗೊತ್ತಿಲ್ಲ ಎಂದಿತು. ಸ್ವೀಡನ್ನಿನಲ್ಲಿ ಸಾವಿರಕ್ಕೂ ಹೆಚ್ಚು ಚೊಚ್ಚಲ ಬಸುರಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಉಸಿರಾಟ ಕಲಿಸಿ, ಇನ್ನೊಂದಕ್ಕೆ ಕಲಿಸದೆ ಬಿಟ್ಟರು. 2009ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪುಗಳಲ್ಲಿ ನೋವು ತಗ್ಗಿಸಲು ಬೆನ್ನಿಗೆ ಎಪಿಡ್ಯೂರಲ್ ಹಾಕಿಸಿಕೊಂಡವರು ಶೇಕಡಾ 52. ವಾರಗಟ್ಟಲೆ ಕಲಿತ ಉಸಿರು ಒಂದಂಶವನ್ನೂ ಕದಲಿಸಲಿಲ್ಲ. ಹೆಣ್ಣಿನ ನೋವಿಗೆ ಮದ್ದೆಂದು ನೋಡಿದರೆ ಕ್ಲಾಸು ನಪಾಸು, ಸರಿ, ಒಪ್ಪಿದೆ. ಆದರೆ ಡೈಪರಿನ ಹಿಂಬದಿ ಯಾವುದು, ಮುಂಬದಿ ಯಾವುದು ಎಂಬುದನ್ನು ಮೂವತ್ತೆರಡರ ಪ್ರಾಯದಲ್ಲಿ ಮೊದಲ ಸಲ ಗೊಂಬೆಯ ಮೇಲೆ ಅರಿತುಕೊಳ್ಳುವವನ ಅಂಕವನ್ನು ಈ ಅಧ್ಯಯನಗಳು ಕೂಡಿಸಿದಂತಿಲ್ಲ. ಇದೆಲ್ಲ ಯೂಟ್ಯೂಬಿನಲ್ಲಿ ಪುಕ್ಕಟೆ ಸಿಗುವುದಿಲ್ಲವೇ ಎಂದರೆ, ಸಿಗುತ್ತದೆ. ಅವನು ಅದನ್ನು ಎರಡು ಪಟ್ಟು ವೇಗದಲ್ಲಿ, ಮೀಟಿಂಗಿನ ನಡುವೆ ನೋಡಿ ಮುಗಿಸುತ್ತಾನೆ. ಕ್ಲಾಸಿನಲ್ಲಿ ಹಾಗಾಗದು. ಗೊಂಬೆಯ ಕತ್ತಿಗೆ ಆಸರೆ ಕೊಡದೆ ಎತ್ತಿದರೆ ಇಡೀ ಕೋಣೆ ಹಾ ಎನ್ನುತ್ತದೆ. ಆ ನಾಚಿಕೆ ವಿಡಿಯೋದಲ್ಲಿ ಬರುವುದಿಲ್ಲ. ಗಡಿಯಾರದ ಕೆಲಸ ಮಾತ್ರ ಇಲ್ಲೂ ತಪ್ಪಿಲ್ಲ. ಐದು ನಿಮಿಷಕ್ಕೊಮ್ಮೆ ನೋವು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಆಸ್ಪತ್ರೆಗೆ ಹೊರಡಿ ಎಂಬ ಸೂತ್ರ ಕೇಳಿದೊಡನೆ ಹಿಂದಿನ ಸಾಲಿನ ಇಂಜಿನಿಯರುಗಳ ಮುಖ ಅರಳುತ್ತದೆ. ಕೊನೆಗೂ ಸಂಖ್ಯೆ ಬಂತಲ್ಲ!

ನಿಜವಾದ ಪರೀಕ್ಷೆ ಇರುವುದು ಹೆರಿಗೆಯಾದ ಮೇಲೆ. ಕ್ಯಾಲಿಫೋರ್ನಿಯಾ 2004ರಿಂದ ಅಪ್ಪಂದಿರಿಗೂ ಸಂಬಳದ ಒಂದು ಭಾಗ ಕೊಟ್ಟು ಮಗುವಿನ ಜೊತೆ ಮನೆಯಲ್ಲಿರಲು ಬಿಡುತ್ತದೆ. 2020ರಿಂದ ಅದು ಎಂಟು ವಾರ. ಅದೇ ಹೊತ್ತಿಗೆ ತವರೇ ವಿಮಾನ ಹತ್ತಿ, ಸಾಮಾನ್ಯವಾಗಿ ಆರು ತಿಂಗಳ ಮಟ್ಟಿಗೆ, ಬಂದಿಳಿದಿರುತ್ತದೆ. ಸೂಟ್‌ಕೇಸಿನಲ್ಲಿ ಅಂಟಿನುಂಡೆ, ಬಜೆ, ಸಾಸಿವೆ ತುಂಬಿದ ಪುಟ್ಟ ದಿಂಬು. ಮಗುವಿನ ತಲೆ ದುಂಡಗಾಗಲು ಅಜ್ಜಿಗೆ ದಿಂಬು ಬೇಕು. ಕ್ಲಾಸು ಹೇಳಿದ್ದು, ತೊಟ್ಟಿಲಲ್ಲಿ ದಿಂಬಿರಕೂಡದು, ಅಂಗಾತ ಮಲಗಿಸಬೇಕು ಎಂದು. 1990ರ ದಶಕದಲ್ಲಿ ಅಮೆರಿಕ ಬೋರಲು ಮಲಗಿಸುವುದನ್ನು ಬಿಡಿಸಿದ ಮೇಲೆ ನಿದ್ದೆಯಲ್ಲೇ ಹಠಾತ್ತನೆ ಸಾಯುವ ಕೂಸುಗಳ ಪ್ರಮಾಣ ಸುಮಾರು ಅರ್ಧಕ್ಕಿಳಿಯಿತು. ಅಜ್ಜಿ ನಾಲಿಗೆಗೆ ಜೇನು ಮುಟ್ಟಿಸಲು ಬೆರಳು ಅದ್ದಿರುತ್ತಾಳೆ. ಜೇನಿನಿಂದ ಹಸುಗೂಸಿಗೆ ಬಾಟುಲಿಸಂ ಎಂಬ ಕಾಯಿಲೆ ಬರಬಹುದೆಂದು 1970ರ ದಶಕದಲ್ಲಿ ಕಂಡುಕೊಂಡದ್ದು ಇದೇ ಕ್ಯಾಲಿಫೋರ್ನಿಯಾದಲ್ಲಿ. ಅದಕ್ಕೆ ಮದ್ದು ಒದಗಿಸುವ ಸರ್ಕಾರಿ ಕಚೇರಿ ಇದೇ ರಾಜ್ಯದ ರಿಚ್ಮಂಡಿನಲ್ಲಿದೆ. ವರ್ಷ ತುಂಬುವವರೆಗೆ ಜೇನು ಬೇಡವೆಂದು ಯಾರು ಹೇಳಬೇಕು? ಹಸಿ ಬಾಣಂತಿಗೆ ತಾಯಿಯೊಡನೆ ವಾದಿಸುವ ತ್ರಾಣವಿಲ್ಲ. ಉಳಿದವನು ಅಳಿಯ. "ಅತ್ತೇ, ಜೇನು ಬೇಡ" ಎಂಬ ಮೂರು ಮಾತು ಆಡುವುದಕ್ಕೇ ಅವನು ಫೀಸು ಕಟ್ಟಿ ಕಲಿತದ್ದು.

ಹಾಗೆಂದು ಅಜ್ಜಿಯದೆಲ್ಲ ಸುಳ್ಳು, ಕ್ಲಾಸಿನದೆಲ್ಲ ವೇದ ಎಂದುಕೊಂಡರೆ ಅದೂ ದಡ್ಡತನ. ಬಾಣಂತಿ ಮಲಗಿರಬೇಕು, ಹೊತ್ತಿಗೆ ಸರಿಯಾಗಿ ಯಾರಾದರೂ ಬಿಸಿಬಿಸಿ ಬಡಿಸಬೇಕು ಎಂಬ ವಿಷಯದಲ್ಲಿ ಆಸ್ಪತ್ರೆಯದು ಒಂದು ಸ್ಲೈಡು, ಅಜ್ಜಿಯದು ತಿಂಗಳುಗಟ್ಟಲೆ ದುಡಿಮೆ. ಅಜ್ಜ ಅಜ್ಜಿಯರಿಗೂ ಕ್ಲಾಸು ನಡೆಸುವ ಆಸ್ಪತ್ರೆಗಳು ಈ ದೇಶದಲ್ಲಿವೆ. ಹಾಸನದ ಅಜ್ಜಿಯೊಬ್ಬಳನ್ನು ಅಲ್ಲಿಗೆ ಕಳಿಸಬಹುದು, ತೊಂದರೆಯಿಲ್ಲ. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಪಾಠ ಮಾಡುತ್ತಿರುವವರು ಯಾರೆಂಬುದು ಮಾತ್ರ ಬದಲಾಗಿರುತ್ತದೆ.